ಸೊಂಟದ ಎಕ್ಸ್‌ರೇಯಲ್ಲಿ ನಾನು ಕಾಣದ ‘ಗ್ಯಾಪು’

ಮಂಡ್ಯದಲ್ಲಿ ಕುಳಿತು ಎಕ್ಸ್‌ರೇ ಓದುವುದು ನನ್ನ ಉದ್ಯೋಗವಾಗಿ ಹದಿನೈದು ವರ್ಷಗಳಾದವು. ಸೊಂಟನೋವಿನವರ ಬಾಯಿಂದ ಈ ಅವಧಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ವಾಕ್ಯ ಒಂದೇ: ‘ಬೆನ್ನುಮೂಳೇಲಿ ಗ್ಯಾಪ್ ಬಂದದೆ ಅಂದವ್ರೆ ಸಾರ್.’ ಕಬ್ಬಿನ ಗದ್ದೆಯಿಂದ ಕಾಲು ತೊಳೆದುಕೊಂಡು ನೇರವಾಗಿ ಬಂದ ರೈತರು, ಮೈಸೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ನಿಂತು ಹೋಗಿಬರುವ ನೌಕರರು, ಮದ್ದೂರಿನ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮೇಲೆ ಬಗ್ಗಿ ದಿನ ಕಳೆಯುವ ಹೆಣ್ಣುಮಕ್ಕಳು, ಎಲ್ಲರ ನಾಲಿಗೆಯ ಮೇಲೂ ಅದೇ ಪದ. ಅದು ಎಲ್ಲಿಂದ ಬಂತೋ ಗೊತ್ತಿಲ್ಲ, ಆದರೆ ವೈದ್ಯರಾದ ನಾವೇ ಅದನ್ನು ಬಳಸಿ ಬಳಸಿ ಊರಿಗೆ ಹರಡಿದ್ದೇವೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬೆನ್ನುಮೂಳೆಯ ಮಣಿಗಳ ನಡುವಣ ಮೆತ್ತೆ, ಅಂದರೆ ಡಿಸ್ಕ್, ಸವೆದಾಗ ಎಕ್ಸ್‌ರೇಯಲ್ಲಿ ಕಾಣುವುದು ಇದಕ್ಕೆ ತೀರಾ ವಿರುದ್ಧವಾದ ಸಂಗತಿ. ಅಲ್ಲಿ ಹೊಸದಾಗಿ ಅಂತರವೇನೂ ಹುಟ್ಟುವುದಿಲ್ಲ. ಮೊದಲಿನಿಂದ ಇದ್ದ ಅಂತರವೇ ಕುಗ್ಗುತ್ತದೆ.

ನನ್ನ ಸೋದರತ್ತೆಗೂ ಎಂಟು ವರ್ಷಗಳ ಹಿಂದೆ ಯಾರೋ ಇದೇ ಮಾತನ್ನು ಹೇಳಿದ್ದರು. ಕಟ್ಟಕಡೆಯ ಡಿಸ್ಕ್ ಪೂರ್ತಿ ಹೋಗಿದೆ, ಗ್ಯಾಪ್ ಬಂದಿದೆ, ಇನ್ನು ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ ಎಂದು ಕೇಳಿಸಿಕೊಂಡು ಬಂದ ದಿನದಿಂದ ಅತ್ತೆ ಸೊಂಟಕ್ಕೆ ಬೆಲ್ಟು ಬಿಗಿದರು. ಮದುವೆಮನೆಯಲ್ಲಿ ನೆಲದ ಪಂಕ್ತಿಗೆ ಕೂರುವುದನ್ನು ಬಿಟ್ಟರು. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿಕೊಂಡೇ ಹೋಗುತ್ತಿದ್ದವರು ಬಸ್ಸು ಹಿಡಿಯತೊಡಗಿದರು. ಆ ಹಳೆಯ ಫಿಲ್ಮು ನನ್ನ ಕೈಗೆ ಬಂದದ್ದು ಕಳೆದ ವರ್ಷ. ಅದರಲ್ಲಿ ಏನಿತ್ತೆಂಬುದನ್ನು ಆಮೇಲೆ ಹೇಳುತ್ತೇನೆ, ಏಕೆಂದರೆ ಅದು ಅರ್ಥವಾಗಬೇಕಾದರೆ ಸೊಂಟದ ಎಕ್ಸ್‌ರೇಯನ್ನು ಹೇಗೆ ಓದುತ್ತಾರೆಂಬುದು ಸ್ವಲ್ಪವಾದರೂ ತಿಳಿದಿರಬೇಕು.

ಸೊಂಟದ ಭಾಗದಲ್ಲಿ ಸಾಮಾನ್ಯವಾಗಿ ಐದು ಕಶೇರುಮಣಿಗಳಿರುತ್ತವೆ. ಮೇಲಿನಿಂದ ಕೆಳಕ್ಕೆ ಅವನ್ನು ಎಲ್‌1ರಿಂದ ಎಲ್‌5ರವರೆಗೆ ಎಣಿಸುತ್ತೇವೆ. ಅದರ ಕೆಳಗಿನದು ತ್ರಿಕಾಸ್ಥಿ, ಅದರ ಮೊದಲ ಭಾಗ ಎಸ್‌1. ಒಂದು ಮಣಿಗೂ ಇನ್ನೊಂದಕ್ಕೂ ನಡುವೆ ಇರುವ ಮೆತ್ತೆಯೇ ಡಿಸ್ಕ್. ಅದರ ಹೊರಸುತ್ತು ಈರುಳ್ಳಿಯ ಪದರಗಳಂತೆ ಒಂದರ ಮೇಲೊಂದು ಸುತ್ತಿಕೊಂಡ ಗಟ್ಟಿ ನಾರು. ಒಳಗಿನ ತಿರುಳಾದರೋ ಎಳೆಯ ವಯಸ್ಸಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕಿಂತ ಹೆಚ್ಚು ನೀರೇ ಆಗಿರುತ್ತದೆ. ನಮ್ಮ ಕಡೆಯವರಿಗೆ ಎಳನೀರಿನ ಗಂಜಿಯ ಉದಾಹರಣೆ ಕೊಟ್ಟರೆ ಕೂಡಲೇ ಅರ್ಥವಾಗುತ್ತದೆ. ಎಳನೀರು ಬಲಿತಂತೆ ಗಂಜಿ ಗಟ್ಟಿಯಾಗಿ, ನೀರು ಇಂಗಿ, ಕೊನೆಗೆ ಕರಟದೊಳಗೆ ಗಿಟುಕು ಗಡಗಡ ಸದ್ದು ಮಾಡುವ ಹಾಗೆ ಡಿಸ್ಕಿನ ತಿರುಳೂ ವರ್ಷಗಳು ಕಳೆದಂತೆ ಒಣಗುತ್ತದೆ. ವಯಸ್ಕರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಮೇಲಿನ ಮತ್ತು ಕೆಳಗಿನ ಮಣಿಗಳ ತಟ್ಟೆಯಂಥ ಅಂಚುಗಳ ಮೂಲಕ, ಅಂದರೆ ಎಂಡ್‌ಪ್ಲೇಟ್‌ಗಳ ಮೂಲಕ, ಜಿನುಗಿ ಬಂದದ್ದೇ ಅದರ ಆಹಾರ. ಆದ್ದರಿಂದ ಒಮ್ಮೆ ಒಣಗಲು ತೊಡಗಿದ ಡಿಸ್ಕ್ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುವುದು ಬಹಳ ಕಡಿಮೆ.

ಇಷ್ಟೆಲ್ಲ ನಡೆಯುವ ಡಿಸ್ಕ್ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. 1895ರ ನವೆಂಬರ್ 8ರಂದು ರಾಂಟ್‌ಜನ್ ಕಂಡುಹಿಡಿದ ಈ ಕಿರಣಗಳು ಸುಣ್ಣದಂಶವಿರುವ ಮೂಳೆಯಲ್ಲಿ ಹೆಚ್ಚಾಗಿ ತಡೆಯಲ್ಪಟ್ಟು ಬಿಳಿಯ ನೆರಳನ್ನು ಮೂಡಿಸುತ್ತವೆ. ನೀರು, ನಾರು, ಸ್ನಾಯು, ನರ ಇವೆಲ್ಲವೂ ಒಂದೇ ಬಗೆಯ ಬೂದುಬಣ್ಣದಲ್ಲಿ ಕರಗಿಹೋಗುತ್ತವೆ. ಗೋಡೆಯ ಕಲ್ಲು ಮಾತ್ರ ಕಂಡು ನಡುವಣ ಗಾರೆ ಕಾಣದಿದ್ದರೆ ಹೇಗೋ ಹಾಗೆ. ಗಾರೆ ಕೆಟ್ಟಿದೆಯೆಂಬುದನ್ನು ಕಲ್ಲು ಎಷ್ಟು ಇಳಿದಿದೆ, ಅದರ ಅಂಚು ಹೇಗೆ ಬದಲಾಗಿದೆ ಎಂಬುದರಿಂದಲೇ ಊಹಿಸಬೇಕು. ಎಕ್ಸ್‌ರೇ ನೋಡಿ ‘ಡಿಸ್ಕ್ ಹೊರಗೆ ಬಂದು ನರ ಒತ್ತುತ್ತಿದೆ’ ಎಂದು ಯಾರಾದರೂ ಖಚಿತವಾಗಿ ಹೇಳಿದರೆ, ಅವರು ಕಂಡದ್ದನ್ನು ಹೇಳುತ್ತಿಲ್ಲ. ಅದನ್ನು ನೋಡಲು ಎಂಆರ್‌ಐ ಬೇಕು.

ಹಾಗಾದರೆ ಎಕ್ಸ್‌ರೇಯಲ್ಲಿ ಮೊದಲು ನೋಡುವುದೇನು? ಪಕ್ಕದಿಂದ ತೆಗೆದ ಚಿತ್ರದಲ್ಲಿ ಮಣಿಗಳ ನಡುವಿನ ಎತ್ತರ. ಆರೋಗ್ಯವಂತ ಸೊಂಟದಲ್ಲಿ ಈ ಎತ್ತರವು ಎಲ್‌1–ಎಲ್‌2ರಿಂದ ಕೆಳಕ್ಕಿಳಿದಂತೆ ಒಂದೊಂದೇ ಮೆಟ್ಟಿಲಿನಷ್ಟು ಹೆಚ್ಚುತ್ತಾ ಎಲ್‌4–ಎಲ್‌5ರಲ್ಲಿ ಅತಿ ಹೆಚ್ಚಾಗಿರುತ್ತದೆ. ಎಲ್‌4–ಎಲ್‌5ರ ಅಂತರವು ಅದರ ಮೇಲಿನದಕ್ಕಿಂತ ಕಡಿಮೆಯಿದ್ದರೆ ಅಲ್ಲಿ ಡಿಸ್ಕ್ ತಗ್ಗಿರಬಹುದೆಂಬ ಅನುಮಾನ ಬರುತ್ತದೆ. ಆದರೆ ಎಲ್‌5–ಎಸ್‌1ಕ್ಕೆ ಈ ಲೆಕ್ಕ ಹಿಡಿಸುವುದಿಲ್ಲ. ಅದು ಹಲವರಲ್ಲಿ ಯಾವ ಕಾಯಿಲೆಯೂ ಇಲ್ಲದೆ ಸಹಜವಾಗಿಯೇ ಕಿರಿದಾಗಿರುತ್ತದೆ. ಕಲಿಯುವ ಕಾಲದಲ್ಲಿ ನಾನೂ ಸೇರಿದಂತೆ ನಮ್ಮಲ್ಲಿ ಅನೇಕರು ಈ ಒಂದು ಜಾಗದಲ್ಲಿ ಎಡವಿದ್ದೇವೆ. ಕೆಳಗಿನ ಡಿಸ್ಕ್ ಸಣ್ಣದಾಗಿ ಕಂಡ ಕೂಡಲೇ ‘ಎಲ್‌5–ಎಸ್‌1 ಸವೆದಿದೆ’ ಎಂದು ಬರೆದುಬಿಡುವ ಚಪಲ ಬಿಡುವುದು ಸುಲಭವಲ್ಲ.

ತೆಗೆದ ರೀತಿಯಿಂದಲೂ ಅಂತರ ಸುಳ್ಳು ಹೇಳಬಲ್ಲದು. ಪಕ್ಕಕ್ಕೆ ಮಲಗಿಸಿ ಚಿತ್ರ ತೆಗೆಯುವಾಗ, ಅದರಲ್ಲಿಯೂ ನಡು ಸಣ್ಣಗಿದ್ದು ಪಿರ್ರೆ ಅಗಲವಿರುವ ಹೆಂಗಸರಲ್ಲಿ, ಬೆನ್ನುಮೂಳೆ ಮೇಜಿನ ಕಡೆಗೆ ತೊಟ್ಟಿಲಿನಂತೆ ಜೋತುಬೀಳುತ್ತದೆ. ಆಗ ಕಿರಣಗಳು ಡಿಸ್ಕಿನ ಸಾಲಿಗೆ ಸಮನಾಗಿ ಹಾಯದೆ ಓರೆಯಾಗಿ ಹಾಯುತ್ತವೆ; ತಟ್ಟೆಯ ಅಂಚು ಒಂದೇ ಗೆರೆಯಾಗಿ ಕಾಣುವ ಬದಲು ಎರಡು ಗೆರೆಗಳಾಗಿ ಒಡೆದು, ನಡುವಿನ ಜಾಗ ಇದ್ದುದಕ್ಕಿಂತ ಕಿರಿದಾಗಿ ತೋರುತ್ತದೆ. ನಡುವಿನ ಕೆಳಗೆ ಒಂದು ಸ್ಪಂಜಿನ ತುಂಡನ್ನು ಇಟ್ಟು, ಮಂಡಿ ಮಡಿಸಿ ಮಲಗಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ನಮ್ಮಲ್ಲಿರುವ ಹಿರಿಯ ತಂತ್ರಜ್ಞರೊಬ್ಬರು ಆ ಸ್ಪಂಜನ್ನು ಯಾರಾದರೂ ಎತ್ತಿಟ್ಟರೆ ಇಡೀ ದಿನ ಮುನಿಸಿಕೊಂಡಿರುತ್ತಾರೆ. ಅವರ ಮುನಿಸಿಗೆ ನನ್ನ ಪೂರ್ಣ ಸಹಮತವಿದೆ, ಏಕೆಂದರೆ ಆ ಸ್ಪಂಜಿನ ಮೇಲೆ ಎಷ್ಟೋ ಜನರ ‘ಗ್ಯಾಪು’ ನಿಂತಿದೆ.

ಅಂತರ ಕಡಿಮೆಯಿದೆಯೆಂಬ ಒಂದೇ ಕಾರಣಕ್ಕೆ ನಾನು ಡಿಸ್ಕಿನ ಮೇಲೆ ತೀರ್ಪು ಕೊಡುವುದಿಲ್ಲ. ಡಿಸ್ಕ್ ನಿಜವಾಗಿಯೂ ಸೋತಿದ್ದರೆ ಅದರ ಮೇಲೂ ಕೆಳಗೂ ಇರುವ ಮೂಳೆ ಸುಮ್ಮನಿರುವುದಿಲ್ಲ, ಉತ್ತರ ಕೊಟ್ಟೇ ಕೊಡುತ್ತದೆ. ಆ ಉತ್ತರವನ್ನು ಹುಡುಕುವುದೇ ಎಕ್ಸ್‌ರೇ ಓದುವ ಕೆಲಸದ ಮುಕ್ಕಾಲು ಪಾಲು. ಉತ್ತರದ ಒಂದು ಬಗೆ ಎಂಡ್‌ಪ್ಲೇಟ್ ದಪ್ಪವಾಗುವುದು. ಮೆತ್ತೆ ತೆಳುವಾದಾಗ ಭಾರ ನೇರವಾಗಿ ಮೂಳೆಗೆ ಬೀಳುತ್ತದೆ, ಮೂಳೆ ಆ ಜಾಗದಲ್ಲಿ ಸಾಂದ್ರವಾಗುತ್ತದೆ, ಕೂದಲೆಳೆಯಂತೆ ತೆಳ್ಳಗಿದ್ದ ಬಿಳಿ ಗೆರೆ ಬಳಪದಲ್ಲಿ ಒತ್ತಿ ಎಳೆದ ಗೆರೆಯಾಗುತ್ತದೆ. ಕೆಲವೊಮ್ಮೆ ಎಲ್‌4ರ ಮುಂಭಾಗದ ಕೆಳಮೂಲೆಯಲ್ಲಿ ಈ ಬಿಳುಪು ಅರ್ಧಗೋಳದ ಆಕಾರದಲ್ಲಿ ಎದ್ದು ಕಾಣುತ್ತದೆ. ಹೆಂಗಸರಲ್ಲಿ ಇದು ಹೆಚ್ಚು. ನೋಡಿದವರು ಕ್ಯಾನ್ಸರ್ ಹರಡಿದೆಯೇನೋ ಎಂದು ಬೆಚ್ಚುವುದುಂಟು, ಆದರೆ ಅದರ ಕೆಳಗೇ ಡಿಸ್ಕ್ ತಗ್ಗಿರುವುದನ್ನೂ ಅಂಚಿನಲ್ಲಿ ಮೂಳೆ ಚಾಚಿರುವುದನ್ನೂ ಗಮನಿಸಿದರೆ ಗುಟ್ಟು ಬಯಲಾಗುತ್ತದೆ.

ಇಲ್ಲಿ ಒಂದು ಮಾತನ್ನು ತುಸು ನಿಧಾನವಾಗಿ ಹೇಳಬೇಕು. ಡಿಸ್ಕಿನ ಜಾಗ ಕಿರಿದಾಗಲು ಸವೆತವೊಂದೇ ಕಾರಣವಲ್ಲ; ಸೋಂಕೂ ಹಾಗೆ ಮಾಡುತ್ತದೆ, ಮತ್ತು ನಮ್ಮ ನಾಡಿನಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಮರೆಯಾಗಿಲ್ಲ. 1779ರಲ್ಲಿ ಪರ್ಸಿವಲ್ ಪಾಟ್ ವರ್ಣಿಸಿದ ಆ ಕಾಯಿಲೆಯನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ಸವೆತ ಮತ್ತು ಸೋಂಕುಗಳ ನಡುವಣ ವ್ಯತ್ಯಾಸ ಎಂಡ್‌ಪ್ಲೇಟಿನ ಗೆರೆಯಲ್ಲಿದೆ. ಸವೆತದಲ್ಲಿ ಆ ಗೆರೆ ದಪ್ಪವಾಗಿ, ಹೊಳಪಾಗಿ, ಚೊಕ್ಕವಾಗಿ ಉಳಿದಿರುತ್ತದೆ. ಸೋಂಕಿನಲ್ಲಿ ಗೆರೆ ಮಸುಕಾಗಿ, ಇಲಿ ಕಡಿದಂತೆ ಅಲ್ಲಲ್ಲಿ ಕಿತ್ತುಹೋಗಿರುತ್ತದೆ, ಪಕ್ಕದ ಸೊಯಾಸ್ ಸ್ನಾಯುವಿನ ನೆರಳು ಉಬ್ಬಿರುವುದೂ ಉಂಟು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ನೂರರ ಹತ್ತಿರ ಫಿಲ್ಮುಗಳನ್ನು ನೋಡಿ ದಣಿದಿದ್ದಾಗ, ಒಬ್ಬ ಮಧ್ಯವಯಸ್ಕರ ಚಿತ್ರಕ್ಕೆ ‘ಎಲ್‌3–ಎಲ್‌4 ಸವೆತ’ ಎಂದು ಬರೆದು ಮುಂದಿನದಕ್ಕೆ ಕೈಹಾಕಿದ್ದೆ. ಏಕೋ ಮನಸ್ಸು ಒಪ್ಪದೆ ಮತ್ತೆ ತೆರೆದು ನೋಡಿದರೆ, ಎಲ್‌4ರ ಮೇಲಂಚಿನ ಗೆರೆ ಮುಂಭಾಗದಲ್ಲಿ ಒಂದು ಬೆರಳಗಲದಷ್ಟು ಇರಲೇ ಇಲ್ಲ. ಸಂಜೆಯ ಹೊತ್ತು ಜ್ವರ ಬರುತ್ತದೆಯೇ ಎಂದು ಫೋನಿನಲ್ಲಿ ಕೇಳಿಸಿದೆ, ಬರುತ್ತದೆ ಎಂದರು. ಎಂಆರ್‌ಐ ಮತ್ತು ಸೂಜಿಪರೀಕ್ಷೆಯಲ್ಲಿ ಕ್ಷಯವೆಂದು ಖಚಿತವಾಯಿತು. ಅಂದಿನಿಂದ ‘ಸವೆತ’ ಎಂಬ ಪದವನ್ನು ಬರೆಯುವ ಮುನ್ನ ಆ ಬಿಳಿ ಗೆರೆಯ ಮೇಲೆ ಒಂದು ಸಲ ಬೆರಳಾಡಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ.

ಮೂಳೆ ಕೊಡುವ ಎರಡನೆಯ ಉತ್ತರ ಆಸ್ಟಿಯೋಫೈಟ್. ಜನ ಇದನ್ನು ‘ಮೂಳೆ ಬೆಳೆದಿದೆ’ ಎನ್ನುತ್ತಾರೆ. ಈ ಮಾತು ‘ಗ್ಯಾಪ್’ನಷ್ಟು ತಪ್ಪಲ್ಲ. ಡಿಸ್ಕಿನ ಹೊರನಾರು ಮೂಳೆಯನ್ನು ಕಚ್ಚಿಕೊಂಡಿರುವ ಜಾಗದಲ್ಲಿ ಎಳೆತ ಹೆಚ್ಚಾದಾಗ, ಅಂಚಿನಿಂದ ಸ್ವಲ್ಪ ಆಚೆಗೆ, ಮೂಳೆ ಮೊದಲು ಅಡ್ಡಡ್ಡಲಾಗಿ ಚಾಚಿ ಆಮೇಲೆ ಮೇಲಕ್ಕೋ ಕೆಳಕ್ಕೋ ಬಾಗುತ್ತದೆ. ಹೀಗೆ ಬಾಗಿದ್ದು ಹಕ್ಕಿಯ ಕೊಕ್ಕಿನಂತೆ ಕಾಣುತ್ತದೆ. ಅಂಚಿನಿಂದ ಎರಡು ಮೂರು ಮಿಲಿಮೀಟರ್ ದೂರದಲ್ಲಿ ಹುಟ್ಟಿ ಬಾಗದೆ ಅಡ್ಡಲಾಗಿಯೇ ಉಳಿಯುವ ಸಣ್ಣ ಮುಳ್ಳೊಂದನ್ನು 1971ರಲ್ಲಿ ಮ್ಯಾಕ್‌ನಾಬ್ ಎಂಬ ವೈದ್ಯರು ಬೇರೆಯಾಗಿ ಗುರುತಿಸಿ, ಆ ಹಂತದಲ್ಲಿ ಮಣಿಗಳು ಅಲುಗಾಡುತ್ತಿವೆ ಎಂಬುದರ ಕುರುಹು ಅದೆಂದು ವಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ, ನಾನೂ ಅದನ್ನು ವರದಿಯಲ್ಲಿ ಬರೆಯುವುದು ಅಪರೂಪ. ಮುಂಭಾಗದಲ್ಲಿ ಎಷ್ಟೇ ದೊಡ್ಡ ಕೊಕ್ಕು ಬೆಳೆದಿದ್ದರೂ ಅದು ನರಗಳನ್ನು ಮುಟ್ಟುವುದಿಲ್ಲವೆಂಬುದನ್ನು ಹೇಳಿದಾಗ ಎಷ್ಟೋ ಜನರ ಮುಖ ಅರಳುತ್ತದೆ, ನರಗಳಿರುವುದು ಹಿಂಭಾಗದಲ್ಲಿ.

ಕೊಕ್ಕುಗಳೆಲ್ಲವೂ ಡಿಸ್ಕಿನ ಸವೆತದವಲ್ಲ ಎಂಬುದನ್ನೂ ಹೇಳಬೇಕು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ವಾತದಲ್ಲಿ ಮಣಿಯಿಂದ ಮಣಿಗೆ ತೆಳ್ಳನೆಯ, ನೆಟ್ಟನೆಯ ಸೇತುವೆಗಳು ಬೆಳೆದು ಬೆನ್ನು ಬಿದಿರಿನ ಗಳದಂತೆ ಕಾಣುತ್ತದೆ. ವಯಸ್ಸಾದವರಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯಿರುವವರಲ್ಲಿ, ಮಣಿಗಳನ್ನು ಮುಂಭಾಗದಲ್ಲಿ ಕಟ್ಟಿಹಿಡಿದಿರುವ ಅಸ್ಥಿರಜ್ಜು ನಾಲ್ಕು ಅಥವಾ ಅದಕ್ಕೂ ಹೆಚ್ಚು ಮಣಿಗಳ ಉದ್ದಕ್ಕೆ ಕರಗಿದ ಮೇಣದಂತೆ ಮೂಳೆಗಟ್ಟುವುದುಂಟು. ಈ ಎರಡರಲ್ಲಿಯೂ ಡಿಸ್ಕಿನ ಎತ್ತರ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಚಿಹ್ನೆ. ಒಣಗಿದ ತಿರುಳಿನಲ್ಲಿ ಬಿರುಕು ಬಿಟ್ಟಾಗ ಆ ಬಿರುಕಿನೊಳಗೆ ಒತ್ತಡ ಇಳಿದು, ಸುತ್ತಲಿನ ದ್ರವದಲ್ಲಿ ಕರಗಿದ್ದ ಅನಿಲ ಅಲ್ಲಿಗೆ ಹೊರಬರುತ್ತದೆ. ಆ ಅನಿಲದಲ್ಲಿ ನೂರಕ್ಕೆ ತೊಂಬತ್ತು ಭಾಗ ಸಾರಜನಕ. ಎರಡು ಬಿಳಿಯ ಮಣಿಗಳ ನಡುವೆ ಕಾಡಿಗೆಯಲ್ಲಿ ಎಳೆದಂತೆ ಒಂದು ಕಪ್ಪು ಗೀರು ಮೂಡುತ್ತದೆ. 1942ರಲ್ಲಿ ಸ್ವೀಡನ್ನಿನ ಕ್ನುಟ್ಸನ್ ಇದನ್ನು ವಿವರಿಸಿದರು, ಇದಕ್ಕೆ ವ್ಯಾಕ್ಯೂಮ್ ಫಿನಾಮಿನನ್ ಎಂಬ ಹೆಸರು ನಿಂತಿದೆ. ಬೆನ್ನನ್ನು ಹಿಂದಕ್ಕೆ ಬಾಗಿಸಿ ತೆಗೆದ ಚಿತ್ರದಲ್ಲಿ ಅದು ಸ್ಪಷ್ಟವಾಗುತ್ತದೆ, ಮುಂದಕ್ಕೆ ಬಾಗಿದರೆ ಮಾಯವಾಗುತ್ತದೆ. ಅನಿಲ ಕಂಡಿತೆಂದರೆ ಅಲ್ಲಿ ಸೋಂಕಿನ ಸಾಧ್ಯತೆ ಬಹಳ ಕಡಿಮೆ, ಏಕೆಂದರೆ ಸೋಂಕಿನ ಡಿಸ್ಕಿನಲ್ಲಿ ಕೀವು ತುಂಬಿರುತ್ತದೆ, ಅಪವಾದಗಳಿಲ್ಲವೆಂದಲ್ಲ. ಕರಟದೊಳಗೆ ಗಿಟುಕು ಸಡಿಲವಾಗಿ ಸುತ್ತಲೂ ಗಾಳಿ ತುಂಬುವ ಹಂತವೆಂದು ಇದನ್ನು ತಿಳಿಯಬಹುದು. ‘ಗ್ಯಾಪ್’ ಎಂಬ ಪದವನ್ನು ಉಳಿಸಿಕೊಳ್ಳಲೇಬೇಕೆಂದು ಯಾರಾದರೂ ಹಟ ಹಿಡಿದರೆ ಈ ಕಪ್ಪು ಗೀರಿಗೆ ಮಾತ್ರ ಅದನ್ನು ಬಿಟ್ಟುಕೊಡಲು ನಾನು ಸಿದ್ಧ.

ಎರಡು ಮಣಿಗಳ ನಡುವಣ ಜಾಗ ನಿಜವಾಗಿಯೂ ದೊಡ್ಡದಾಗಿ ಕಾಣುವ ಸಂದರ್ಭವೂ ಇದೆ, ಆದರೆ ಅದಕ್ಕೆ ಡಿಸ್ಕ್ ಕಾರಣವಲ್ಲ. ಮುಟ್ಟು ನಿಂತು ಬಹಳ ವರ್ಷಗಳಾದ ಹೆಂಗಸರಲ್ಲಿ ಮೂಳೆ ಟೊಳ್ಳಾದಾಗ, ಮಣಿಗಳ ತಟ್ಟೆಗಳು ಭಾರಕ್ಕೆ ಒಳಕ್ಕೆ ಕುಸಿದು ಮೀನಿನ ಬೆನ್ನುಮೂಳೆಯ ಆಕಾರ ತಾಳುತ್ತವೆ. ನಡುವಿನ ಡಿಸ್ಕ್ ಉಬ್ಬಿದಂತೆ ತೋರುತ್ತದೆ. ಅಲ್ಲಿ ಚಿಕಿತ್ಸೆ ಬೇಕಾಗಿರುವುದು ಮೂಳೆಗೆ.

ಡಿಸ್ಕ್ ಎತ್ತರ ಕಳೆದುಕೊಂಡಾಗ ಅದರ ಪರಿಣಾಮ ಹಿಂಭಾಗದ ಕೀಲುಗಳ ಮೇಲೂ ಆಗುತ್ತದೆ. ಮುಂದಿನ ಚಕ್ರದ ಗಾಳಿ ಇಳಿದರೆ ಹಿಂದಿನದಕ್ಕೆ ಹೊರೆ ಬೀಳುವಂತೆ, ಫೇಸೆಟ್ ಎಂಬ ಸಣ್ಣ ಜೋಡಿ ಕೀಲುಗಳು ಸವೆದು, ಊದಿ, ಬಿಳುಚಿಕೊಳ್ಳುತ್ತವೆ, ನರ ಹೊರಬರುವ ಕಿಂಡಿ ಕಿರಿದಾಗುತ್ತದೆ. ಆ ಕೀಲುಗಳ ಓರೆಗೆ ತಕ್ಕಂತೆ ಮೇಲಿನ ಮಣಿ ಕೆಲವೊಮ್ಮೆ ಹಿಂದಕ್ಕೆ ಜಾರುತ್ತದೆ, ಕೆಲವೊಮ್ಮೆ ಮುಂದಕ್ಕೆ. ಸವೆತದಿಂದಾಗುವ ಮುಂಜಾರಿಕೆ ಎಲ್‌4 ಎಲ್‌5ರ ಮೇಲೆ ಜಾರುವಲ್ಲಿ ಹೆಚ್ಚು, ಐವತ್ತು ದಾಟಿದ ಹೆಂಗಸರಲ್ಲಿ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು. ಹಿಂಭಾಗದ ಮೂಳೆಯ ಬಳೆ ಒಡೆದಿರುವುದಿಲ್ಲವಾದ್ದರಿಂದ ಅದು ಬಹಳ ದೂರ ಜಾರದೆ ಸಾಮಾನ್ಯವಾಗಿ ಮಣಿಯ ಅಗಲದ ಕಾಲುಭಾಗದೊಳಗೇ ನಿಲ್ಲುತ್ತದೆ. 1932ರಲ್ಲಿ ಮೇಯರ್ಡಿಂಗ್ ಹಾಕಿಕೊಟ್ಟ ಅಳತೆಯಲ್ಲಿ ಇದು ಮೊದಲನೆಯ ದರ್ಜೆ. ಗಮನಿಸಬೇಕಾದದ್ದೇನೆಂದರೆ, ಮಲಗಿಸಿ ತೆಗೆದ ಚಿತ್ರದಲ್ಲಿ ಈ ಜಾರಿಕೆ ಸರಿಹೋಗಿ ಕಾಣದಿರಬಹುದು. ನಿಲ್ಲಿಸಿ ತೆಗೆದರೆ ಹೊರಬೀಳುತ್ತದೆ. ನಾಲ್ಕು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿದು, ಕೂತರೆ ಸರಿಹೋಗುತ್ತದೆ ಎನ್ನುವವರಿಗೆ ಮಲಗಿಸಿ ತೆಗೆದ ಎಕ್ಸ್‌ರೇ ಸಾಲದೆಂದು ನಾನು ಪಟ್ಟುಹಿಡಿಯುವುದು ಇದರಿಂದ. ಮುಂದೆ ಬಾಗಿಸಿ, ಹಿಂದೆ ಬಾಗಿಸಿ ತೆಗೆದ ಎರಡು ಚಿತ್ರಗಳ ನಡುವೆ ಮಣಿ ಮೂರು ನಾಲ್ಕು ಮಿಲಿಮೀಟರ್‌ಗಿಂತ ಹೆಚ್ಚು ಸರಿದರೆ ಅಸ್ಥಿರತೆಯ ಮಾತು ಬರುತ್ತದೆ.

ಶ್ಮೋರ್ಲ್ ಗಂಟು ಎಂಬುದನ್ನು ವರದಿಯಲ್ಲಿ ಓದಿ ಗಾಬರಿಯಾಗುವವರಿದ್ದಾರೆ. ಡಿಸ್ಕಿನ ತಿರುಳು ಎಂಡ್‌ಪ್ಲೇಟನ್ನು ತೂರಿ ಮಣಿಯೊಳಗೆ ಮಾಡಿದ ಸಣ್ಣ ಗುಳಿ ಅದು, ಹೆಚ್ಚಿನವರಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ಡಿಸ್ಕಿನೊಳಗೆ ಅಲ್ಲಲ್ಲಿ ಸುಣ್ಣ ಕಟ್ಟುವುದೂ ವಯಸ್ಸಿನ ಗುರುತೇ.

ಹೀಗೆ ಪಟ್ಟಿ ಬೆಳೆಸಿ ಬರೆದ ವರದಿಗೂ ಮನುಷ್ಯನ ನೋವಿಗೂ ಇರುವ ನಂಟು ಎಷ್ಟು ಸಡಿಲವೆಂಬುದನ್ನು ನನಗೆ ಕಲಿಸಿದ್ದು ನನ್ನ ತಂದೆಯ ಚಿತ್ರ. ಪಾಂಡವಪುರದ ಕಡೆ ಕಬ್ಬು ಬೆಳೆದು, ಆಲೆಮನೆಗೆ ಹೊರೆ ಹೊತ್ತು ಬದುಕಿದವರು ಅವರು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೂತ್ರಕೋಶದ ಕಲ್ಲಿಗೆಂದು ಹೊಟ್ಟೆಯ ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆಯೂ ಅದರಲ್ಲಿ ಬಂತು. ಪಕ್ಕದ ಚಿತ್ರವನ್ನೂ ತೆಗೆಸಿ ನೋಡಿದೆ. ಎಲ್‌3ರಿಂದ ಕೆಳಗೆ ಡಿಸ್ಕಿನ ಎತ್ತರವೆಂಬುದೇ ಉಳಿದಿರಲಿಲ್ಲ, ಎರಡು ಕಡೆ ಕಪ್ಪು ಗೀರು, ಮುಂದೆ ಗಿಳಿಯ ಕೊಕ್ಕಿನಂಥ ಮೂಳೆಗಳು, ಎಂಡ್‌ಪ್ಲೇಟುಗಳು ಸುಣ್ಣ ಬಳಿದಂತೆ ಬೆಳ್ಳಗೆ. ಸೊಂಟನೋವು ಯಾವಾಗಿನಿಂದ ಎಂದು ಕೇಳಿದೆ. ‘ಯಾರ್ಗೆ?’ ಎಂದರು. ಅದೇ ವರ್ಷ, ಮೂವತ್ತಾರರ ನನಗೆ ಬಲಗಾಲಿನ ಹೆಬ್ಬೆರಳಿನವರೆಗೆ ಸೆಳೆತ ಬಂದು ಹತ್ತು ದಿನ ನೆಟ್ಟಗೆ ನಿಲ್ಲಲಾಗದೆ ಹೋದಾಗ, ನನ್ನ ಎಕ್ಸ್‌ರೇ ಪಠ್ಯಪುಸ್ತಕದಲ್ಲಿ ಹಾಕುವಷ್ಟು ಚೆನ್ನಾಗಿತ್ತು. ಹೊರಚಾಚಿದ ಡಿಸ್ಕನ್ನು ಎಂಆರ್‌ಐ ತೋರಿಸಿತು. ಹೆಚ್ಚಿನವರಲ್ಲಿ ಆಗುವಂತೆ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ತಿಂಗಳಲ್ಲಿ ನೋವು ಇಳಿಯಿತು.

ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಳಗೊಂಡ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೂ, ಎಂಬತ್ತರವರಲ್ಲಿ ಶೇ. 96 ಮಂದಿಗೂ ಡಿಸ್ಕ್ ಸವೆತದ ಗುರುತುಗಳಿದ್ದವು. ಎಂಬತ್ತರಲ್ಲಿ ತಲೆ ನೆರೆತಿರುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ. ಆದ್ದರಿಂದಲೇ ಬೇರೆ ಅಪಾಯದ ಸೂಚನೆಗಳಿಲ್ಲದ ಸೊಂಟನೋವಿಗೆ ಮೊದಲ ಆರು ವಾರ ಎಕ್ಸ್‌ರೇ ಬೇಡವೆಂಬ ನಿಯಮವಿದೆ. ಸೊಂಟದ ಎಕ್ಸ್‌ರೇಯಲ್ಲಿ ದೇಹಕ್ಕೆ ತಗಲುವ ವಿಕಿರಣ ಸುಮಾರು 1.5 ಮಿಲಿಸೀವರ್ಟ್, ಎದೆಯ ಎಕ್ಸ್‌ರೇಗಿಂತ ಹತ್ತಾರು ಪಟ್ಟು ಹೆಚ್ಚು, ಎಂಬುದೂ ಈ ಲೆಕ್ಕದಲ್ಲಿ ಸೇರಬೇಕು. ಬಿದ್ದು ಪೆಟ್ಟಾಗಿದ್ದರೆ, ಜ್ವರ ಅಥವಾ ತೂಕ ಇಳಿಕೆಯಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಪಾದ ಎತ್ತಲಾಗದಿದ್ದರೆ ಕಾಯಬಾರದು. ಮೂತ್ರ ಕಟ್ಟಿಕೊಂಡಿದ್ದರೆ, ಕೂರುವ ಜಾಗದಲ್ಲಿ ಸ್ಪರ್ಶ ಕಳೆದಿದ್ದರಂತೂ ಎಕ್ಸ್‌ರೇಗೆ ಸಾಲು ನಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಈಗ ಅತ್ತೆಯ ಫಿಲ್ಮಿಗೆ ಬರುತ್ತೇನೆ. ಕಳೆದ ಜ್ಯೇಷ್ಠದಲ್ಲಿ ಮೈಸೂರಿನ ಅವರ ಮನೆಗೆ ಹೋಗಿದ್ದಾಗ, ಬೀರುವಿನ ಮೇಲಿಂದ ಹಳದಿ ಲಕೋಟೆಯನ್ನು ತಂದು ಕೊಟ್ಟರು. ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ನೀಲಿ ಹಾಳೆಗಳನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಕಟ್ಟಕಡೆಯ ಡಿಸ್ಕ್ ನಿಜಕ್ಕೂ ಬಹಳ ಸಣ್ಣದಿತ್ತು, ಹೇಳಿದವರು ಕಾಣದ್ದನ್ನೇನೂ ಹೇಳಿರಲಿಲ್ಲ. ಆದರೆ ಅದರ ಎರಡೂ ಕಡೆಯ ಗೆರೆಗಳು ಕೂದಲೆಳೆಯಂತೆ ತೆಳ್ಳಗೆ, ಒಂದಕ್ಕೊಂದು ಸಮಾನಾಂತರವಾಗಿ ಇದ್ದವು. ಬಿಳುಪಿಲ್ಲ, ಕೊಕ್ಕಿಲ್ಲ, ಗೀರಿಲ್ಲ. ಅಷ್ಟೊಂದು ಸವೆದ ಡಿಸ್ಕಿಗೆ ಮೂಳೆ ಏಕೆ ಉತ್ತರವನ್ನೇ ಕೊಟ್ಟಿಲ್ಲ? ಮುಂದಿನಿಂದ ತೆಗೆದ ಚಿತ್ರವನ್ನು ತೆಗೆದುಕೊಂಡು ಕೊನೆಯ ಪಕ್ಕೆಲುಬಿನಿಂದ ಮಣಿಗಳನ್ನು ಎಣಿಸುತ್ತಾ ಕೆಳಗೆ ಬಂದೆ. ಐದನೆಯ ಮಣಿಯ ಎಡಬದಿಯ ರೆಕ್ಕೆ ಅಗಲವಾಗಿ ಬೆಳೆದು ತ್ರಿಕಾಸ್ಥಿಯೊಡನೆ ಬೆಸೆದುಕೊಂಡಿತ್ತು.

ಹೀಗೆ ಸೊಂಟದ ಮಣಿಯೂ ಅಲ್ಲದ, ತ್ರಿಕಾಸ್ಥಿಯೂ ಅಲ್ಲದ ನಡುವಣ ಮಣಿ ಹಲವರಲ್ಲಿ ಹುಟ್ಟಿನಿಂದಲೇ ಇರುತ್ತದೆ. 1917ರಲ್ಲಿಯೇ ಇಟಲಿಯ ಬರ್ಟೊಲೋಟಿ ಇದರ ಬಗ್ಗೆ ಬರೆದಿದ್ದರು. ಅದರ ಕೆಳಗಿನ ಡಿಸ್ಕ್ ಸಾಮಾನ್ಯವಾಗಿ ಪೂರ್ತಿ ಬೆಳೆಯುವುದಿಲ್ಲ, ಕುರುಹಿಗೆಂಬಂತೆ ಸಣ್ಣದಾಗಿಯೇ ಉಳಿಯುತ್ತದೆ. ಬೆಸೆದ ಕೀಲು ಅಲುಗಾಡುವುದು ಕಡಿಮೆಯಾದ್ದರಿಂದ ಅದು ಸವೆಯುವುದೂ ಕಡಿಮೆ, ಬದಲಿಗೆ ಅದರ ಮೇಲಿನ ಡಿಸ್ಕಿನ ಮೇಲೆ ಹೊರೆ ಬೀಳುತ್ತದೆ. ಅತ್ತೆಯ ಎಲ್‌4–ಎಲ್‌5ರಲ್ಲಿ ಅರವತ್ತರ ವಯಸ್ಸಿಗೆ ತಕ್ಕಷ್ಟು ಸವೆತವಿತ್ತು, ಒಂದು ಸಣ್ಣ ಕೊಕ್ಕು, ತುಸು ಬಿಳುಪು, ಅಷ್ಟೇ. ನಮ್ಮಲ್ಲಿ ನಿಲ್ಲಿಸಿ ತೆಗೆಸಿದ ಹೊಸ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದಾಗ ನಡುವಿನ ಇಷ್ಟು ವರ್ಷಗಳಲ್ಲಿ ಆ ಕೊಕ್ಕು ಅಕ್ಕಿಕಾಳಿನಷ್ಟು ಬೆಳೆದಿತ್ತು, ಜಾರಿಕೆ ಇರಲಿಲ್ಲ. ಹಳೆಯ ಫಿಲ್ಮುಗಳನ್ನು ಎಸೆಯಬೇಡಿ ಎಂದು ನಾನು ಕಂಡಕಂಡವರಿಗೆ ಹೇಳುವುದು ಇಂಥ ಹೋಲಿಕೆಗಾಗಿಯೇ.

‘ಹುಟ್ಟಿದಾಗ್ಲಿಂದ್ಲೂ ಹಿಂಗೇ ಇತ್ತಾ?’ ಎಂದು ಅತ್ತೆ ಎರಡು ಸಲ ಕೇಳಿದರು. ಇತ್ತು ಎಂದೆ. ಅವರು ಬೆಲ್ಟಿನ ಕಡೆ ನೋಡಿದರು, ಏನೂ ಹೇಳಲಿಲ್ಲ. ಬೆನ್ನಿನ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ ಬರುವ ಕೆಲವು ವ್ಯಾಯಾಮಗಳನ್ನು ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಆಷಾಢದ ಕೊನೆಯ ಶುಕ್ರವಾರ ಮೆಟ್ಟಿಲು ಹತ್ತಿ ನಂದಿಯವರೆಗೆ ಹೋಗಿದ್ದರಂತೆ, ಅಲ್ಲಿಂದ ಮುಂದಕ್ಕೆ ಆಗಲಿಲ್ಲವಂತೆ. ಸೊಂಟಕ್ಕೇನೂ ಆಗಿಲ್ಲ, ಬಲಗಡೆಯ ಮಂಡಿ ಹಿಡಿದುಕೊಂಡಿದೆ, ಅದರಲ್ಲಿಯೂ ಗ್ಯಾಪ್ ಬಂದಿರಬಹುದೇ ನೋಡು ಎಂದು ಮರುದಿನ ಬೆಳಗ್ಗೆಯೇ ಫೋನು ಮಾಡಿದ್ದರು.